ಅಂಬಾಸಿಡರ್‌ಗೆ ಡಬ್ಬಿ ಫಿಲ್ಟರ್: ಶಿರಸಿಯಲ್ಲಿ ಮಾಡಿಸಿದ ಅಡಾಪ್ಟರಿನ ಕಥೆ

ಕಾರು 1983ರ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್. ಎಂಜಿನ್ 1489 ಸಿಸಿ, ಬ್ರಿಟಿಷ್ ಕಂಪನಿ ಬಿಎಂಸಿಯ ಬಿ-ಸೀರೀಸ್. ಇರುವುದು ಶಿರಸಿಯಲ್ಲಿ. ಕೆಲಸ ಏನೆಂದರೆ, ಎಂಜಿನ್ ಪಕ್ಕದಲ್ಲಿ ನೇತಾಡುವ ಹಳೇ ಬಟ್ಟಲು ಆಯಿಲ್ ಫಿಲ್ಟರ್ ತೆಗೆದು ಅಲ್ಲಿ ಈಗಿನ ಡಬ್ಬಿ ಫಿಲ್ಟರ್, ಅಂದರೆ ಸ್ಪಿನ್-ಆನ್, ಕೂರುವ ಹಾಗೆ ಮಾಡುವುದು. ಕೆಲಸ ಮುಗಿದಿದೆ, ಕಾರು ಓಡುತ್ತಿದೆ. ಇದೇ ಎಂಜಿನ್ ಇಟ್ಟುಕೊಂಡವರು ನಮ್ಮ ಕಡೆ ಇನ್ನೂ ಇದ್ದಾರೆ, ಹಾಗಾಗಿ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಈ ಕೆಲಸದಲ್ಲಿ ಎರಡು ತರದ ಲೀಕ್ ಆಗಬಹುದು. ಒಂದು ಹೊರಗೆ ತೊಟ್ಟಿಕ್ಕುವುದು. ಇನ್ನೊಂದು ಒಳಗೊಳಗೇ ಆಗುವುದು: ಕೊಳೆ ಆಯಿಲ್ ಫಿಲ್ಟರಿನ ಕಾಗದ ದಾಟದೆ ಅಡ್ಡದಾರಿ ಹಿಡಿದು ನೇರ ಬೇರಿಂಗಿಗೆ ಹೋಗುವುದು. ಹೊರಗಿನದ್ದು ಎಲ್ಲರಿಗೂ ಕಾಣುತ್ತದೆ. ಕೆಳಗೆ ಒಣಗಿದ್ದರೆ "ಕೆಲಸ ಚೆನ್ನಾಗಾಯ್ತು" ಅಂತ ಕೈ ಒರೆಸಿಕೊಂಡು ಹೋಗುತ್ತಾರೆ. ಒಳಗಿನದ್ದು ಬಿಚ್ಚಿ ನೋಡುವವರೆಗೂ ಗೊತ್ತೇ ಆಗುವುದಿಲ್ಲ. ನನ್ನ ಸಮಯ ಜಾಸ್ತಿ ಹೋದದ್ದು ಅದಕ್ಕೇ.

ಯಾಕೆ ಬೇಕಾಯ್ತು

ಬಟ್ಟಲಿನೊಳಗೆ ಹಾಕುವ ಕಾಗದದ ಎಲಿಮೆಂಟ್ ಇಲ್ಲಿ ಸಿಗುತ್ತಿಲ್ಲ. ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾ ಕಾರ್ಖಾನೆ ನಿಂತದ್ದು 2014ರಲ್ಲಿ. ಆಮೇಲೆ ಕೆಲವು ವರ್ಷ ಅಂಗಡಿಯಲ್ಲಿದ್ದ ಹಳೇ ಸ್ಟಾಕ್ ನಡೆಯಿತು, ಈಗ ಅದೂ ಇಲ್ಲ. ಹುಬ್ಬಳ್ಳಿಯಿಂದ ತರಿಸಬೇಕು. ತರಿಸಿದರೆ ಎಲಿಮೆಂಟ್ ಬರುತ್ತದೆ, ಬಟ್ಟಲಿನ ರಬ್ಬರ್ ರಿಂಗ್ ಬರುವುದಿಲ್ಲ. ರಿಂಗ್ ಬಂದರೆ ಅದರ ಅಳತೆ ಬೇರೆ. ಡಬ್ಬಿ ಫಿಲ್ಟರ್ ಆದರೆ ಯಾವ ಊರಲ್ಲಾದರೂ ಸಿಗುತ್ತದೆ, ರಬ್ಬರ್ ಅದರಲ್ಲೇ ಇರುತ್ತದೆ.

ಹೊರದೇಶಗಳಲ್ಲಿ ಇದೇ ಎಂಜಿನ್ ಇರುವ ಎಂಜಿ ಕಾರುಗಳಿಗೆ ರೆಡಿ ಅಡಾಪ್ಟರ್, ಅಂದರೆ ಬಟ್ಟಲಿನ ಜಾಗದಲ್ಲಿ ಡಬ್ಬಿ ಕೂರಿಸುವ ನಡುವಿನ ತುಂಡು, ಮಾರುತ್ತಾರೆ. ಅದು ನಮ್ಮ ಫಿಲ್ಟರ್ ಹೆಡ್ಡಿಗೆ (ಎಂಜಿನ್ನಿನಲ್ಲಿ ಬಟ್ಟಲು ಬಂದು ಕೂರುವ ಲೋಹದ ಭಾಗ, ಮುಂದೆ ಹೆಡ್ ಅಂದರೆ ಇದೇ) ಕೂರುತ್ತದೆ ಅಂತ ಖಾತ್ರಿ ಕೊಡುವವರು ಸಿಗಲಿಲ್ಲ. ತರಿಸುವ ಖರ್ಚೂ ಸುಮ್ನೆ ದಂಡ ಅನ್ನಿಸಿತು. ಊರಲ್ಲೇ ಲೇತ್ ಇದೆ, ಅಡಿಕೆ ಸುಲಿಯುವ ಯಂತ್ರದ ಶಾಫ್ಟ್, ಪಂಪಿನ ಬುಶ್ ಎಲ್ಲ ಅಲ್ಲೇ ಆಗುತ್ತದೆ. ಇದೂ ಆಗಲಿ ಅಂತ ಹೊರಟೆ.

1. ಬಿಚ್ಚಿದ್ದು

ಎಂಜಿನ್ ಹತ್ತು ನಿಮಿಷ ಓಡಿಸಿ, ಆಯಿಲ್ ಬಿಸಿ ಇರುವಾಗಲೇ ಸಂಪ್, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಖಾಲಿ ಮಾಡಿದೆ. ಇಂಚಿನ ಸ್ಪ್ಯಾನರ್ ಸೆಟ್ ಬೇಕು, ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಲೆ ಸವೆಸಬೇಡಿ. ಬಟ್ಟಲಿನ ನಡುವೆ ಒಂದೇ ಉದ್ದ ಬೋಲ್ಟ್. ಅದನ್ನು ಸಡಿಲ ಮಾಡಿದರೆ ಬಟ್ಟಲು ತುಂಬಾ ಆಯಿಲ್ ಸಮೇತ ಕೈಗೆ ಬರುತ್ತದೆ. ಕೆಳಗೆ ಎರಡು ತುದಿ ಮಡಚಿ ಕಟ್ಟಿದ ಅಡಿಕೆ ಹಾಳೆ ಇಟ್ಟಿದ್ದೆ. ಟ್ರೇಗಿಂತ ಒಳ್ಳೇದು, ಬೇಕಾದ ಹಾಗೆ ಬಗ್ಗುತ್ತದೆ, ಇಕ್ಕಟ್ಟಿನಲ್ಲೂ ತೂರುತ್ತದೆ.

ಒಳಗೆ ನೋಡಿದ್ದೇ ನಿಜವಾದ ವಿಷಯ. ಬಟ್ಟಲಿನ ತಳದಲ್ಲಿ ಒಂದು ಸ್ಪ್ರಿಂಗ್, ಅದರ ಮೇಲೆ ಒಂದು ವಾಷರ್, ಒಂದು ತಗಡಿನ ಪ್ಲೇಟ್ ಇರಬೇಕು. ಆ ಸ್ಪ್ರಿಂಗ್ ಎಲಿಮೆಂಟನ್ನು ಮೇಲಕ್ಕೆ ಒತ್ತಿ ಹೆಡ್ಡಿಗೆ ಅಂಟಿಸಿ ಇಡುತ್ತದೆ. ನನ್ನ ಕಾರಿನಲ್ಲಿ ಸ್ಪ್ರಿಂಗೂ ಇಲ್ಲ, ಪ್ಲೇಟೂ ಇಲ್ಲ. ಹಿಂದೆ ಯಾವಾಗಲೋ ಯಾರೋ ಆಯಿಲ್ ಬದಲಿಸುವಾಗ ಅವು ಹಳೇ ಎಲಿಮೆಂಟಿಗೆ ಅಂಟಿಕೊಂಡು ಅದರ ಜೊತೆಗೇ ಕಸಕ್ಕೆ ಹೋಗಿರಬೇಕು. ಎಲಿಮೆಂಟ್ ಬಟ್ಟಲಿನ ತಳದಲ್ಲಿ ಕೂತಿತ್ತು, ಮೇಲೆ ಬೆರಳು ತೂರುವಷ್ಟು ಸಂದು. ಅಂದರೆ ಇಷ್ಟು ವರ್ಷ ಆಯಿಲ್ ಎಲಿಮೆಂಟಿನ ತಲೆಯ ಮೇಲಿಂದಲೇ ಆರಾಮಾಗಿ ದಾಟಿ ಹೋಗಿದೆ. ಹೊರಗೆ ಒಂದು ಹನಿ ಲೀಕ್ ಇರಲಿಲ್ಲ.

ಹೆಡ್ಡಿನ ಗ್ರೂವಿನಲ್ಲಿ ರಬ್ಬರ್ ರಿಂಗ್ ಒಂದು ಬಂತು. ಗ್ರೂವ್ ಮತ್ತೂ ತುಂಬಿದ ಹಾಗೆ ಕಂಡಿತು. ಗೋಣಿ ಹೊಲಿಯುವ ದಬ್ಬಣದಿಂದ ಕೆದಕಿದರೆ ಅಡಿಯಲ್ಲಿ ಇನ್ನೊಂದು ರಿಂಗ್, ಕಲ್ಲಿನ ಹಾಗೆ ಗಟ್ಟಿ. ಮೊದಲಿಗೆ ಅದು ಗ್ರೂವಿನ ತಳ ಅಂತಲೇ ಅನ್ನಿಸುತ್ತದೆ. ಚೂರುಚೂರಾಗಿ ಕಿತ್ತು, ಪೆಟ್ರೋಲ್ ಹಾಕಿ ಒರೆಸಿ, ಟಾರ್ಚ್ ಬಿಟ್ಟು ಲೋಹ ಹೊಳೆಯುವವರೆಗೂ ನೋಡಬೇಕು.

2. ಅಳತೆ

ಬಟ್ಟಲಿನ ಅಂಚಿನ ಅಳತೆ ಇಲ್ಲಿ ಬರೆಯುವುದಿಲ್ಲ. ಈ ಕಾರುಗಳಲ್ಲಿ ಹೆಡ್ ಬದಲಾಗಿರುವುದು ಮಾಮೂಲು, ನನ್ನ ಅಂಕೆ ನಂಬಿ ಲೇತಿಗೆ ಹೋದರೆ ನಿಮಗೆ ನಷ್ಟ. ವರ್ನಿಯರ್ ಹಿಡಿದು ಈ ನಾಲ್ಕನ್ನು ನಿಮ್ಮ ಹೆಡ್ಡಿನಲ್ಲೇ ತೆಗೆಯಿರಿ: ಗ್ರೂವಿನ ಒಳ ಮತ್ತು ಹೊರ ಅಡ್ಡಳತೆ, ಗ್ರೂವಿನ ಆಳ, ನಡುವೆ ಎಲಿಮೆಂಟ್ ಕೂರುವ ಮೂತಿಯ ಅಡ್ಡಳತೆ, ಆ ಮೂತಿ ಗ್ರೂವಿನ ತಳಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗಿದೆ ಎನ್ನುವುದು. ಕೊನೆಯದ್ದೇ ಮುಖ್ಯ. ಉದ್ದ ಬೋಲ್ಟಿನ ಥ್ರೆಡ್ಡಿಗೆ ಮೆಟ್ರಿಕ್ ಪಿಚ್ ಗೇಜ್ (ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕಿರುವ ಅಂತರ, ಅಂದರೆ ಪಿಚ್, ನೋಡುವ ಗೇಜ್) ಕೂರಲಿಲ್ಲ, ಇಂಚಿನ ಗೇಜ್ ಕೂತಿತು. ಬೋಲ್ಟನ್ನೇ ಸ್ಯಾಂಪಲ್ ಆಗಿ ಕೊಟ್ಟೆ.

ಆಯಿಲ್ ಹರಿಯುವ ದಾರಿ ಬಟ್ಟಲಿನಲ್ಲಿ ಹೇಗೋ ಡಬ್ಬಿಯಲ್ಲೂ ಹಾಗೇ: ಹೊರಸುತ್ತಿನಿಂದ ಒಳಗೆ, ನಡುವಿನ ತೂತಿನಿಂದ ಮೇಲಕ್ಕೆ. ಆದ್ದರಿಂದ ಪೈಪು ತಿರುಗಿಸುವ ರಗಳೆ ಇಲ್ಲ.

3. ಲೇತಿನಲ್ಲಿ

ಎರಡು ಭಾಗ. ಒಂದು ಅಲ್ಯೂಮಿನಿಯಂ ಪ್ಲೇಟ್, ಇನ್ನೊಂದು ಸ್ಟೀಲಿನ ಟೊಳ್ಳು ಬೋಲ್ಟ್.

ಪ್ಲೇಟಿನ ಮೇಲ್ಮುಖದಲ್ಲಿ ಬಟ್ಟಲಿನ ಅಂಚಿನ ಹಾಗೇ ಒಂದು ತೆಳು ಅಂಚು ಎದ್ದಿದೆ, ಅದು ಗ್ರೂವಿನೊಳಗೆ ಹೋಗಿ ರಬ್ಬರ್ ರಿಂಗ್ ಒತ್ತುತ್ತದೆ. ನಡುವೆ ಒಂದು ದುಂಡು ದಿಬ್ಬ, ಒಳ ಅಡ್ಡಳತೆ 22 ಮಿ.ಮೀ., ಅದು ಹೆಡ್ಡಿನ ಮೂತಿಗೆ ತಾಗಬೇಕು. ಕೊಳೆ ಆಯಿಲ್ ಮತ್ತು ಶುದ್ಧ ಆಯಿಲ್ ನಡುವಿನ ಗೋಡೆ ಈ ದಿಬ್ಬವೇ. ದಿಬ್ಬದ ಹೊರಗೆ ಸುತ್ತಲೂ 6 ಮಿ.ಮೀ.ಯ ಆರು ತೂತು, ಕೊಳೆ ಆಯಿಲ್ ಕೆಳಗಿಳಿಯಲು. ಕೆಳಮುಖ ಸಪಾಟು, ಫಿಲ್ಟರಿನ ರಬ್ಬರ್ ಕೂರುವ ಜಾಗ. ಅಲ್ಲಿ ಉಳಿ ಗೀರು ಇದ್ದರೆ ಸುತ್ತು ಸುತ್ತಾಗಿ ಇರಲಿ, ಒಳಗಿಂದ ಹೊರಕ್ಕೆ ಅಡ್ಡ ಗೀರು ಒಂದೂ ಇರಬಾರದು.

ಬೋಲ್ಟಿನ ಕಾಂಡ 14 ಮಿ.ಮೀ., ಒಳಗೆ 10 ಮಿ.ಮೀ. ತೂತು, ಆದರೆ ಮೇಲೆ ತನಕ ಅಲ್ಲ. ದಿಬ್ಬದ ಒಳಗೆ ಬರುವ ಎತ್ತರದಲ್ಲಿ 6 ಮಿ.ಮೀ.ಯ ನಾಲ್ಕು ಅಡ್ಡತೂತು, ಅಲ್ಲಿಗೆ ಟೊಳ್ಳು ಮುಗಿಯುತ್ತದೆ. ಅದರ ಮೇಲೆ ಕಾಂಡವನ್ನು ಹಳೇ ಬೋಲ್ಟಿನಷ್ಟೇ ಸಣ್ಣ ಮಾಡಿಸಬೇಕು, ಇಲ್ಲದಿದ್ದರೆ ಹೆಡ್ಡಿನ ಒಳಗೆ ಆಯಿಲ್ ಹೋಗುವ ದಾರಿ ಇಕ್ಕಟ್ಟಾಗುತ್ತದೆ. ತೂತುಗಳ ಲೆಕ್ಕ ಇಷ್ಟೇ: 10 ಮಿ.ಮೀ. ತೂತಿನ ವಿಸ್ತೀರ್ಣ ಸುಮಾರು 79 ಚದರ ಮಿ.ಮೀ., ನಾಲ್ಕು ಅಡ್ಡತೂತು ಸೇರಿ 113, ಪ್ಲೇಟಿನ ಆರು ತೂತು ಸೇರಿ 170. ಎಲ್ಲಿಯೂ 79ಕ್ಕಿಂತ ಕಡಿಮೆ ಇಲ್ಲ.

ಬೋಲ್ಟಿನ ಕೆಳತುದಿಗೆ ಮುಕ್ಕಾಲು ಇಂಚಿನ, ಇಂಚಿಗೆ 16 ಥ್ರೆಡ್ಡಿನ ಯುಎನ್ಎಫ್, ಅಂದರೆ ಇಂಚಿನ ಅಳತೆಯ ಸಣ್ಣ ಥ್ರೆಡ್. ಲೇತಿನ ಲೀಡ್ ಸ್ಕ್ರೂ ಇಂಚಿನದ್ದೇ ಆಗಿದ್ದರಿಂದ ಥ್ರೆಡ್ ಹೊಡೆಯುವುದು ಸಲೀಸಾಯ್ತು. ನಾನು ಬರೆದುಕೊಂಡು ಹೋದ ಚಿತ್ರದಲ್ಲಿ ಬೋಲ್ಟಿಗೆ ಆರು ಮೂಲೆಯ ತಲೆ ಇತ್ತು. ಲೇತಿನವರು ನೋಡಿ, "ಈ ತಲೆ ಹೊರಗೆ ಬಂದ್ರೆ ಫಿಲ್ಟರ್ ತಗಡು ಮೊದಲು ಅದಕ್ಕೇ ಬಡೀತದೆ, ರಬ್ಬರ್ ಕೂರೂದೇ ಇಲ್ಲ" ಅಂದರು. ಸರಿಯಾದ ಮಾತು. ತಲೆಯನ್ನು ದುಂಡು ಮಾಡಿ, ಪ್ಲೇಟಿನೊಳಗೆ ಹೂತು ಕೂರುವ ಹಾಗೆ ತಗ್ಗು ಮಾಡಿದರು, ಅಡಿಗೆ ತಾಮ್ರದ ವಾಷರ್. ಹಾಗಾದರೆ ಬಿಗಿ ಮಾಡುವುದು ಹೇಗೆ? ಕೆಳಗಿನ ಥ್ರೆಡ್ಡಿಗೆ ಎರಡು ನಟ್ಟು ಹಾಕಿ ಒಂದಕ್ಕೊಂದು ಲಾಕ್ ಮಾಡಿ ಸ್ಪ್ಯಾನರ್ ಕೊಡುವುದು, ಆಮೇಲೆ ನಟ್ಟು ತೆಗೆಯುವುದು. ಆ ಅಳತೆಯ ನಟ್ಟು ಹುಡುಕಲು ಫಿಲ್ಟರಿಗಿಂತ ಜಾಸ್ತಿ ತಿರುಗಾಟ ಆಯಿತು.

4. ಮೊದಲ ಸಲ ಕೂರಿಸಿದಾಗ

ಧಾರಾಳ ಲೀಕ್. ಸ್ಟಾರ್ಟ್ ಮಾಡಿದ ಕೂಡಲೇ ಅಂಚಿನ ಸುತ್ತ ಆಯಿಲ್ ಬೆವರಿತು, ಆಮೇಲೆ ಧಾರೆ. ನಿಲ್ಲಿಸಿ ಬಿಚ್ಚಿದೆ. ರಬ್ಬರ್ ರಿಂಗಿನ ಮೇಲೆ ಅಂಚಿನ ಗುರುತೇ ಸರಿಯಾಗಿ ಬಿದ್ದಿಲ್ಲ. ನಡುವಿನ ದಿಬ್ಬ ಮಾತ್ರ ಹೆಡ್ಡಿನ ಮೂತಿಗೆ ಒತ್ತಿ ಹೊಳೆಯುವ ಗೆರೆ ಬಿದ್ದಿತ್ತು. ದಿಬ್ಬ ಮೊದಲು ತಾಗಿದೆ, ಅಂಚು ಗಾಳಿಯಲ್ಲೇ ನಿಂತಿದೆ.

ಇಲ್ಲಿ ಸುಲಭದ ದಾರಿ ಒಂದಿದೆ, ಜನ ಮಾಡುವುದೂ ಅದನ್ನೇ: ದಿಬ್ಬವನ್ನು ಎರಡು ಮಿಲಿಮೀಟರ್ ಕೆತ್ತಿ ಬಿಡುವುದು. ಅಂಚು ಚೆನ್ನಾಗಿ ಕೂರುತ್ತದೆ, ಲೀಕ್ ನಿಲ್ಲುತ್ತದೆ, ಎಲ್ಲರಿಗೂ ಖುಷಿ. ಆದರೆ ಆಗ ದಿಬ್ಬದ ಮೇಲೆ ಸಂದು. ಸ್ಪ್ರಿಂಗ್ ಇಲ್ಲದ ನನ್ನ ಹಳೇ ಬಟ್ಟಲಿನ ಕತೆಯೇ ಮತ್ತೆ, ಹೊಸ ಫಿಲ್ಟರ್ ಹಾಕಿಕೊಂಡು. ಹಳೇ ವಿನ್ಯಾಸದಲ್ಲಿ ಸ್ಪ್ರಿಂಗ್ ಇಟ್ಟದ್ದೇ ಇದಕ್ಕೆ. ಅಂಚು ಎಲ್ಲಿ ನಿಂತರೂ ಎಲಿಮೆಂಟ್ ಮೇಲಕ್ಕೆ ಒತ್ತಿಕೊಂಡೇ ಇರುತ್ತದೆ. ಗಟ್ಟಿ ಅಡಾಪ್ಟರಿನಲ್ಲಿ ಎರಡು ಸೀಲ್ ಎರಡು ಎತ್ತರದಲ್ಲಿವೆ, ಎರಡೂ ಒಟ್ಟಿಗೆ ಕೂರಬೇಕು. ಅದು ಲೋಹಕ್ಕೆ ಲೋಹ ತಾಗಿಸಿ ಆಗುವ ಕೆಲಸ ಅಲ್ಲ.

5. ಜೇಡಿಮಣ್ಣಿನ ಉಪಾಯ

ಮಕ್ಕಳು ಆಡುವ ಬಣ್ಣದ ಮೇಣದಂಥ ಕ್ಲೇ ತಂದೆ. ಲೇತಿನಲ್ಲಿ ದಿಬ್ಬವನ್ನು 3 ಮಿ.ಮೀ. ತಗ್ಗಿಸಿದೆವು. ಹೊಸ ರಬ್ಬರ್ ರಿಂಗ್ ಗ್ರೂವಿನಲ್ಲಿ ಹಾಕಿ, ದಿಬ್ಬದ ತುದಿಗೆ ಸುತ್ತಲೂ ಕ್ಲೇ ಹೊಸೆದು ಇಟ್ಟು, ಮೇಲೆ ಸ್ವಲ್ಪ ಆಯಿಲ್ ಸವರಿ (ಇಲ್ಲದಿದ್ದರೆ ಕ್ಲೇ ಹೆಡ್ಡಿಗೇ ಅಂಟಿಕೊಂಡು ಕಿತ್ತುಹೋಗುತ್ತದೆ), ಪ್ಲೇಟನ್ನು ಪೂರ್ತಿ ಬಿಗಿ ಮಾಡಿ ಬಿಚ್ಚಿದೆ. ಕ್ಲೇ ಚಪ್ಪಟೆಯಾಗಿತ್ತು. ಬ್ಲೇಡಿನಿಂದ ನಾಲ್ಕು ಕಡೆ ಕೊಯ್ದು ವರ್ನಿಯರಿನಲ್ಲಿ ಅಳೆದರೆ 1.8, 1.8, 1.7, 1.8. ಅಂದರೆ ಪ್ಲೇಟ್ ಓರೆಯಾಗಿಲ್ಲ, ಸಂದು 1.8 ಮಿ.ಮೀ.

ಆ ಸಂದಿಗೆ 2.5 ಮಿ.ಮೀ. ನೈಟ್ರೈಲ್ (ಆಯಿಲ್ ತಾಳುವ ರಬ್ಬರ್) ಶೀಟಿನಿಂದ ವಾಷರ್ ಕತ್ತರಿಸಿದೆ. ಬಿಗಿ ಮಾಡಿದಾಗ 0.7 ಮಿ.ಮೀ. ಒತ್ತಿಕೊಳ್ಳುತ್ತದೆ, ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಸಾಕು. ಸೈಕಲ್ ಟ್ಯೂಬ್ ಕತ್ತರಿಸಿ ಹಾಕುವ ಸಲಹೆಯೂ ಬಂತು. ಅದು ಬಿಸಿ ಆಯಿಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಬೇಡ. ನೈಟ್ರೈಲೇ ಆಗಬೇಕು. ಇಲ್ಲಿ ಒತ್ತಡದ ಹೆದರಿಕೆ ಜಾಸ್ತಿ ಇಲ್ಲ, ಯಾಕೆಂದರೆ ವಾಷರಿನ ಎರಡೂ ಬದಿ ಆಯಿಲೇ ಇದೆ. ಫಿಲ್ಟರ್ ಕಟ್ಟಿಕೊಂಡರೆ ತೆರೆಯುವ ಬೈಪಾಸ್ ವಾಲ್ವ್ ಈ ಎಂಜಿನ್ನಿನ ಫಿಲ್ಟರ್ ಹೆಡ್ಡಿನಲ್ಲೇ ಇರುತ್ತದೆ, ಬಿಎಂಸಿಯ ಲೆಕ್ಕ 15ರಿಂದ 20 ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡದ ವ್ಯತ್ಯಾಸ. ಅದಕ್ಕಿಂತ ಜಾಸ್ತಿ ಭಾರ ವಾಷರಿಗೆ ಬೀಳುವುದಿಲ್ಲ. ಹೆಡ್ ಕೈಯಲ್ಲಿದ್ದಾಗಲೇ ಆ ವಾಲ್ವನ್ನು ಕಡ್ಡಿಯಿಂದ ಒತ್ತಿ ನೋಡಿ, ಅಂಟಿಕೊಂಡಿದ್ದರೆ ತೊಳೆಯಿರಿ.

ಬೋಲ್ಟಿನ ಮೇಲಿನ ಥ್ರೆಡ್ಡಿಗೆ ಒಂದು ಹನಿ ಥ್ರೆಡ್ ಲಾಕ್ ಹಾಕಿದೆ. ಇಲ್ಲದಿದ್ದರೆ ಮುಂದೆ ಫಿಲ್ಟರ್ ಬಿಚ್ಚುವಾಗ ಅಡಾಪ್ಟರ್ ಸಮೇತ ಕೈಗೆ ಬರುತ್ತದೆ.

6. ಫಿಲ್ಟರ್ ಆರಿಸುವಾಗ

ಅಂಗಡಿಯಲ್ಲಿ "ಎಲ್ಲಾದಕ್ಕೂ ಇದೇ ಆಗ್ತದೆ" ಅಂತ ಕೊಟ್ಟ ಮೊದಲ ಡಬ್ಬಿ ಬೋಲ್ಟಿಗೆ ಸಲೀಸಾಗಿ ಏರಿತು. ಅತೀ ಸಲೀಸಾಗಿ. ಹಿಡಿದು ಅಲ್ಲಾಡಿಸಿದರೆ ಟಕಟಕ ಅನ್ನುತ್ತಿತ್ತು. ಅಳೆದರೆ ಅದು 20 ಮಿ.ಮೀ., 1.5 ಪಿಚ್. ಮುಕ್ಕಾಲು ಇಂಚು ಅಂದರೆ 19.05 ಮಿ.ಮೀ., ಇಂಚಿಗೆ 16 ಅಂದರೆ ಪಿಚ್ 1.59. ಎರಡೂ ಎಷ್ಟು ಹತ್ತಿರ ಅಂದರೆ ಒಂದು ಇನ್ನೊಂದರ ಮೇಲೆ ಏರುತ್ತದೆ, ಕೈಯಲ್ಲಿ ಬಿಗಿ ಮಾಡಿದರೆ ನಿಂತ ಹಾಗೂ ಅನ್ನಿಸುತ್ತದೆ. ಹಿಡಿದುಕೊಂಡಿರುವುದು ಮಾತ್ರ ಥ್ರೆಡ್ಡಿನ ತುದಿ ತುದಿ.

ಅದು ಎಷ್ಟು ಅಪಾಯ ಅಂತ ಲೆಕ್ಕ ಹಾಕಿ ನೋಡಿ. ಫಿಲ್ಟರಿನ ರಬ್ಬರ್ ಅಡ್ಡಳತೆ 65 ಮಿ.ಮೀ. ಅಂತ ಹಿಡಿದರೆ ಒಳಗಿನ ವಿಸ್ತೀರ್ಣ 33 ಚದರ ಸೆಂ.ಮೀ. ಆಯಿಲ್ ಒತ್ತಡ 50 ಪಿಎಸ್ಐ, ಅಂದರೆ ಚದರ ಸೆಂ.ಮೀ.ಗೆ ಮೂರೂವರೆ ಕೆ.ಜಿ. ಫಿಲ್ಟರನ್ನು ಕೆಳಗೆ ತಳ್ಳುವ ಭಾರ ಸುಮಾರು 115 ಕೆ.ಜಿ. ಒಂದು ಕ್ವಿಂಟಲ್ ಅಡಿಕೆಯ ಚೀಲವನ್ನು ಆ ಥ್ರೆಡ್ಡಿಗೆ ನೇತು ಹಾಕಿದ ಹಾಗೆ. ಬೆಳಗಿನ ಥಂಡಿ ಸ್ಟಾರ್ಟಿನಲ್ಲಿ ಇನ್ನೂ ಜಾಸ್ತಿ. ಘಟ್ಟದಲ್ಲಿ ಅದು ಕಿತ್ತುಬಂದರೆ ಎಂಜಿನ್ ಕತೆ ಅಲ್ಲಿಗೇ ಮುಗಿಯಿತು.

ಡಬ್ಬಿ ವಾಪಸ್ ಕೊಟ್ಟೆ. ಈಗ ಅಂಗಡಿಗೆ ಹೋಗುವಾಗ ಮುಕ್ಕಾಲು ಇಂಚಿನ ಆ ಬೋಲ್ಟಿನ ಒಂದು ತುಂಡು, ಪ್ಲೇಟಿನ ಕೆಳಮುಖದ ರಟ್ಟಿನ ನಕಲು ಎರಡೂ ಜೇಬಲ್ಲಿ ಇರುತ್ತವೆ. ಥ್ರೆಡ್ ಅಲ್ಲಾಡಬಾರದು. ರಬ್ಬರ್ ಪೂರ್ತಿ ಸಪಾಟು ಜಾಗದ ಮೇಲೇ ಬರಬೇಕು. ರಬ್ಬರ್ ತಾಗುವ ಮೊದಲು ಕನಿಷ್ಠ ನಾಲ್ಕು ಸುತ್ತು ಏರಬೇಕು. ಡಬ್ಬಿಯ ಉದ್ದ ಹಳೇ ಬಟ್ಟಲಿಗಿಂತ ಜಾಸ್ತಿ ಇರಬಾರದು. ಯಾವ ಕಂಪನಿ ಅನ್ನುವುದು ಅದರ ನಂತರದ ಮಾತು.

7. ಸ್ಟಾರ್ಟ್

ಫಿಲ್ಟರ್ ನೇತಾಡುವುದರಿಂದ ಒಂದು ಅನುಕೂಲ: ಮೊದಲೇ ಆಯಿಲ್ ತುಂಬಿ ಹಾಕಬಹುದು. 20ಡಬ್ಲ್ಯು-50 ಆಯಿಲ್ ತುಂಬಿ, ರಬ್ಬರಿಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲಿ ಮುಕ್ಕಾಲು ಸುತ್ತು. ಎಂಜಿನ್ ಸ್ಟಾರ್ಟ್ ಆಗದ ಹಾಗೆ ಕಾಯಿಲ್ ವೈರ್ ತೆಗೆದಿಟ್ಟು ಸೆಲ್ಫ್ ಹೊಡೆದೆ. ಡ್ಯಾಶ್ ಕೆಳಗೆ ನಾನೇ ಹಾಕಿಕೊಂಡ ಆಯಿಲ್ ಪ್ರೆಶರ್ ಗೇಜಿನ ಮುಳ್ಳು ಎದ್ದ ಮೇಲೆ ವೈರ್ ಹಾಕಿ ಸ್ಟಾರ್ಟ್. ಥಂಡಿಯಲ್ಲಿ 65 ಪಿಎಸ್ಐ. ಹತ್ತು ನಿಮಿಷ ಓಡಿಸಿ ಅಡಿಗೆ ಹೊಕ್ಕು, ಅಂಚಿನ ಸುತ್ತ ಬಿಳಿ ಬಟ್ಟೆ ಒತ್ತಿ ನೋಡಿದೆ. ಒಣ.

ಹಿಂದೆ, ಗೇರ್‌ಬಾಕ್ಸ್ ಸೇರುವ ಕಡೆ ಹನಿ ಬೀಳುತ್ತದೆ, ಅದು ಬೇರೆ. ಈ ಎಂಜಿನ್ನಿನ ಹಿಂದಿನ ತುದಿಯಲ್ಲಿ ರಬ್ಬರ್ ಸೀಲೇ ಇಲ್ಲ, ಆಯಿಲನ್ನು ವಾಪಸ್ ಎಳೆಯುವ ಸುರುಳಿ ಗೀರು ಮಾತ್ರ. ಫಿಲ್ಟರ್ ಬದಲಿಸಿದರೂ ಅದು ಹನಿಸುತ್ತದೆ, ಹನಿಸಲಿ.

8. ಘಟ್ಟ ಇಳಿದು ಹತ್ತಿದ್ದು

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ವಾಪಸ್. ಹೋಗುವಾಗ ವಿಶೇಷ ಏನೂ ಇಲ್ಲ. ಕುಮಟಾದ ಸೆಖೆಯಲ್ಲಿ, ಮಧ್ಯಾಹ್ನ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನಿಂತಲ್ಲಿ 18, ಓಡುವಾಗ 45. ಬಟ್ಟಲು ಇದ್ದಾಗಿನ ಅಂಕೆಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಇರಲೂ ಬಾರದು. "ಡಬ್ಬಿ ಹಾಕಿದ ಮೇಲೆ ಪ್ರೆಶರ್ ಏರಿತು" ಅಂತ ಯಾರಾದರೂ ಹೇಳಿದರೆ ಏರಿಸಿದ್ದು ಹೊಸ ಆಯಿಲ್. ಘಟ್ಟ ಹತ್ತುವಾಗ ಎರಡನೇ ಗೇರಿನಲ್ಲಿ ಸುಮಾರು ಹೊತ್ತು ಎಳೆಸಿ, ಮೇಲೆ ಬಂದು ಬಾನೆಟ್ ತೆಗೆದೆ. ಅಡಾಪ್ಟರ್ ಒಣ.

9. ಡಬ್ಬಿ ಕೊಯ್ದು ನೋಡಿದ್ದು

500 ಕಿ.ಮೀ.ಗೆ ಬಿಚ್ಚಿದೆ. ಇಷ್ಟು ಬೇಗ ಬೇಕಿರಲಿಲ್ಲ, ಆದರೆ ಒಳಗಿನ ಸೀಲ್ ಹೇಗಿದೆ ಅಂತ ನೋಡದೆ ನಿದ್ದೆ ಬರುವ ಹಾಗಿರಲಿಲ್ಲ. ಡಬ್ಬಿಯನ್ನು ಹ್ಯಾಕ್ಸಾದಿಂದ ಕೊಯ್ಯಬೇಡಿ, ಕಬ್ಬಿಣದ ಪುಡಿ ಒಳಗೆ ಬಿದ್ದು ಯಾವುದು ಎಂಜಿನ್ನಿನದ್ದು ಯಾವುದು ಗರಗಸದ್ದು ಅಂತ ತಿಳಿಯುವುದಿಲ್ಲ. ಲೇತಿನ ಚಕ್ಕಿನಲ್ಲಿ ಹಿಡಿದು ಪಾರ್ಟಿಂಗ್ ಟೂಲಿನಿಂದ ಮೂತಿ ಬಿಡಿಸಿದರು, ಸಿಪ್ಪೆ ಉದ್ದುದ್ದ ಸುರುಳಿಯಾಗಿ ಹೊರಗೇ ಬಂತು.

ಕಾಗದ ಬಿಡಿಸಿ ಹರಡಿದರೆ ಮಡಿಕೆ ಮಡಿಕೆಯಲ್ಲೂ ಕಪ್ಪು ಹೊಟ್ಟು, ಹಳೇ ಗ್ಯಾಸ್ಕೆಟ್ ಅಂಟಿನ ಕೆಂಪು ಚೂರು, ಬಿಸಿಲಿಗೆ ಹಿಡಿದರೆ ಬೂದು ಬಣ್ಣದ ಮಿಣುಕು ಪುಡಿ. ಮ್ಯಾಗ್ನೆಟ್ ಹಿಡಿದರೆ ಸ್ವಲ್ಪ ಅಂಟಿತು, ಹೆಚ್ಚಿನದ್ದು ಅಂಟಲಿಲ್ಲ. ಅಂಟದೇ ಇದ್ದದ್ದು ಬೇರಿಂಗ್ ಲೋಹ ಇರಬೇಕು, ಎಷ್ಟು ವರ್ಷದ್ದೋ. ಕಾಗದದಲ್ಲಿ ಕೊಳೆ ಸಿಕ್ಕಿತು ಅಂದ ಮಾತ್ರಕ್ಕೆ ಎಲ್ಲಾ ಆಯಿಲೂ ಕಾಗದದ ಮೂಲಕವೇ ಹೋಗಿದೆ ಅಂತ ಹೇಳಲಾಗದು, ಅಲ್ವಾ? ಅದಕ್ಕೆ ಅಡಾಪ್ಟರನ್ನೂ ಇಳಿಸಿ ನೈಟ್ರೈಲ್ ವಾಷರ್ ನೋಡಿದೆ. ಹೆಡ್ಡಿನ ಮೂತಿಯ ಗುರುತು ಸುತ್ತಲೂ ಒಂದೇ ಅಗಲಕ್ಕೆ, ಎಲ್ಲೂ ತುಂಡಾಗದೆ ಬಿದ್ದಿದೆ. ವಾಷರ್ ಉಬ್ಬಿಲ್ಲ, ದಪ್ಪ 2.4. ತಾಮ್ರದ ವಾಷರ್ ಮಾತ್ರ ಒಂದು ಕಡೆ ಕಡಿಮೆ ಒತ್ತಿತ್ತು, ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿ ಮತ್ತೆ ಕೂರಿಸಿದೆ.

ಖರ್ಚು

ಸ್ಕ್ರ್ಯಾಪ್ ಅಂಗಡಿಯ ಅಲ್ಯೂಮಿನಿಯಂ ತುಂಡು 450, ಬೋಲ್ಟಿನ ಸ್ಟೀಲ್ 120, ಲೇತ್ ಕೂಲಿ ಎಲ್ಲಾ ಸೇರಿ 1,800, ನೈಟ್ರೈಲ್ ಶೀಟ್ 150, ರಬ್ಬರ್ ರಿಂಗ್ 60, ನಟ್ಟು ಮತ್ತು ತಾಮ್ರದ ವಾಷರ್ 110, ಥ್ರೆಡ್ ಲಾಕ್ 140, ಕ್ಲೇ 40. ಒಟ್ಟು 2,870 ರೂಪಾಯಿ. ಫಿಲ್ಟರ್ ಒಂದಕ್ಕೆ 190, ಆಯಿಲ್ ಬೇರೆ.

ನೈಟ್ರೈಲ್ ವಾಷರ್ ಇನ್ನೂ ಎರಡು ಕತ್ತರಿಸಿ ಇಟ್ಟಿದ್ದೇನೆ. ಮುಂದಿನ ಆಯಿಲ್ ಬದಲಿಗೆ ಅಡಾಪ್ಟರ್ ಇಳಿಸುವುದಿಲ್ಲ, ಅದರ ಮುಂದಿನದ್ದಕ್ಕೆ ಇಳಿಸಿ ವಾಷರಿನ ದಪ್ಪ ಅಳೆಯುತ್ತೇನೆ. 2.2ಕ್ಕಿಂತ ಕೆಳಗೆ ಬಂದಿದ್ದರೆ ಬದಲಿಸುವುದು.